ಸುಡುಗಾಡಿನ ಸೇತುವೆ

ಚಟ್ಟ ಹೊತ್ತ ನಾಲ್ವರೂ ಸೇತುವೆಯ ಬಾಯಲ್ಲೇ ನಿಂತುಬಿಟ್ಟರು. ಅಡ್ಡಲಾಗಿ ಜಾಲಿಮುಳ್ಳು ಕಟ್ಟಿತ್ತು. ಹೋದ ವಾರ ಅದನ್ನು ಕಟ್ಟಿದವನು ಈಗ ಚಟ್ಟದ ಮೇಲೆ ಮಲಗಿದ್ದ ಕೆಂಪಸಿದ್ದಯ್ಯನೇ. ನಿನ್ನೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಮಳವಳ್ಳಿ ಕಡೆಯ ಆ ಕೇರಿಯಿಂದ ಸುಡುಗಾಡಿಗೆ ಹೋಗಲು ನಾಲೆ ದಾಟಬೇಕು. ಇಷ್ಟು ವರ್ಷ ಹೆಣಗಳನ್ನು ನೀರಲ್ಲೇ ಹೊತ್ತು ದಾಟಿಸಿದ್ದರು. ಈಗ ಸರ್ಕಾರದ ಅನುದಾನದಲ್ಲಿ ಸೇತುವೆ ಎದ್ದಿತ್ತು, ಸೋಮವಾರ ಶಾಸಕರು ಬಂದು ಟೇಪು ಕತ್ತರಿಸುವುದಿತ್ತು. ಅದಕ್ಕೂ ಮೊದಲೇ ಯಾರಾದರೂ ಕಾಲಿಟ್ಟು, ದೊಡ್ಡವರು ಮುನಿಸಿಕೊಂಡು, ಸುಡುಗಾಡಿನ ಶೆಡ್ಡಿಗೆ ಬರಬೇಕಾದ ಎರಡನೇ ಕಂತು ನಿಂತುಹೋದರೆ? ಆ ಹೆದರಿಕೆಗೇ ಕೆಂಪಸಿದ್ದಯ್ಯ ಮುಳ್ಳು ಕಡಿದು ತಂದು ಕಟ್ಟಿದ್ದ. ಅಷ್ಟು ಪುಕ್ಕಲ, ಪಾಪ.

ಅವನ ತಮ್ಮನ ಮಗ ಪ್ರಸನ್ನ ಪಂಚಾಯಿತಿ ಮೆಂಬರು. ಈ ಸಲವೂ ನೀರಿಗೇ ಇಳಿಯೋಣ ಎಂದ, ತಲೆ ತಗ್ಗಿಸಿ. ಪೂಜೆಯಾಗದ ಸೇತುವೆ ಮೇಲೆ ಮೊದಲು ಹೆಣ ಹೋಯಿತೆಂದು ಗೊತ್ತಾದರೆ ಶಾಸಕರು ಇತ್ತ ತಲೆ ಹಾಕುವರೇ? ಅವನ ಮಾತೂ ಸುಳ್ಳಲ್ಲ. ನಾಲೆ ಎದೆಮಟ್ಟ ಹರಿಯುತ್ತಿತ್ತು.

* * *

ಹನ್ನೆರಡು ವರ್ಷದ ಹಿಂದೆ ಕೆಂಪಸಿದ್ದಯ್ಯನ ಅವ್ವ ತೀರಿಕೊಂಡಾಗಲೂ ನೀರು ಹೀಗೇ ಇತ್ತು. ನಡುನಾಲೆಯಲ್ಲಿ ಒಬ್ಬನ ಕಾಲು ಜಾರಿ ಚಟ್ಟ ವಾಲಿತು, ಅವ್ವ ನೀರುಪಾಲಾದಳು. ಕೆಳಗೆ ತೂಬಿನ ಹತ್ತಿರ ಸಿಕ್ಕಾಗ ಮೈಮೇಲಿನ ಬಟ್ಟೆ ಕೊಚ್ಚಿಹೋಗಿತ್ತು. ತನ್ನ ಪಂಚೆ ಬಿಚ್ಚಿ ಹೊದಿಸಿ, ಬರೀ ಚಡ್ಡಿಯಲ್ಲಿ ಅವಳನ್ನು ಮಣ್ಣು ಮಾಡಿ ಬಂದವನು, ಮಾರನೇ ದಿನವೇ ಮಂಡ್ಯದ ಬಸ್ಸು ಹತ್ತಿ ಮೊದಲ ಅರ್ಜಿ ಕೊಟ್ಟ. ಆಮೇಲೆ ಎಷ್ಟು ಅರ್ಜಿಯೋ. ಅಧಿಕಾರಿಗಳು ಬದಲಾದರು, ಇವನ ಪ್ಲಾಸ್ಟಿಕ್ ಕವರು ಬದಲಾಗಲಿಲ್ಲ. ಕೂಲಿ ಬಿಟ್ಟು ಅಲೆಯುತ್ತೀಯಲ್ಲ ಎಂದು ಹೆಂಡತಿ ಮರಿತಾಯಮ್ಮ ಬೈದರೆ ಒಂದೇ ಮಾತು:

"ನಮ್ಮಿಬ್ರಲ್ಲಿ ಯಾರು ಮೊದ್ಲು ಓದ್ರೂ ನೀರು ಸೋಕ್ದಂಗೆ ಓಗ್ಬೇಕು ಕಣಮ್ಮಿ."

* * *

ಹೆಂಗಸರು ನಾಲೆ ಏರಿಯವರೆಗಷ್ಟೇ ಬರುವುದು ವಾಡಿಕೆ. ಮರಿತಾಯಮ್ಮ ಅವರನ್ನು ಬಿಟ್ಟು ಮುಂದೆ ಬಂದು ಮುಳ್ಳಿಗೆ ಕೈ ಹಾಕಿದಳು. ಗಂಡ ಹಾಕುವ ಗಂಟು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಂಗೈ ಗೀರಿ ರಕ್ತ ಬಂತು.

"ಸೆಡ್ಡು ಬರಾಕಿಲ್ಲ ಕಣ್ ದೊಡ್ಡವ್ವ," ಎಂದ ಪ್ರಸನ್ನ.

"ಬರ್ದಿದ್ರೆ ಬುಡು, ನಾ ಬಿಸ್ಲಲ್ಲೇ ಮಣ್ಣಾಯ್ತೀನಿ. ಸುಡುಗಾಡಿನ ಸೇತ್ವೆ ಕಣ್ಲಾ ಇದು. ಮೊದ್ಲು ಎಣ ಓಗ್ದೆ ಇನ್ಯಾರ್ಲಾ ಓಗ್ಬೇಕು?"

ಪ್ರಸನ್ನ ಬಂದು ಆ ಬದಿಯ ಗಂಟು ಬಿಚ್ಚಿ, ಮುಳ್ಳನ್ನು ಪಕ್ಕಕ್ಕೆ ಎಳೆದುಹಾಕಿದ.

ತಮಟೆ ಮತ್ತೆ ಶುರುವಾಯಿತು. ಮುಂದೆ ಹೆಗಲು ಕೊಟ್ಟಿದ್ದ ಮುದುಕ ನಾಗಯ್ಯ ಎಷ್ಟೋ ಹೆಣಗಳನ್ನು ಆ ನಾಲೆ ದಾಟಿಸಿದವನು. ಏರಿ ಮುಗಿಯುತ್ತಲೇ ಅಭ್ಯಾಸಬಲದಿಂದ ಒಂದೇ ಕೈಯಲ್ಲಿ ಪಂಚೆಯನ್ನು ತೊಡೆಯ ಮೇಲಕ್ಕೆ ಎತ್ತಿ ಸಿಕ್ಕಿಸಿಕೊಂಡ. ಅವನನ್ನು ನೋಡಿ ಉಳಿದ ಮೂವರೂ ಹಾಗೇ ಮಾಡಿದರು. ಚಟ್ಟವನ್ನು ತಲೆಯಿಂದ ಮೇಲಕ್ಕೆ ಹಿಡಿದು, ಅಡಿ ತಡವಿ ತಡವಿ ಹೆಜ್ಜೆಯಿಡುತ್ತ, ಒಣಗಿದ ಕಾಂಕ್ರೀಟಿನ ಮೇಲೆ ಸಾಗಿದರು. ಬೆಳಗಿನಿಂದ ಬಾರದ ಅಳು ಮರಿತಾಯಮ್ಮನಿಗೆ ಆಗ ಬಂತು.

ಆಚೆ ದಡ ಮುಟ್ಟಿದ ಮೇಲೂ ನಾಲ್ವರಲ್ಲಿ ಯಾರೂ ಪಂಚೆ ಇಳಿಸಲಿಲ್ಲ.