ಮಗ್ಗುಲ ಮಣ್ಣು

ಲಕ್ಕಪ್ಪ ಮತ್ತೊಮ್ಮೆ ಗುದ್ದಲಿ ಎತ್ತುವಷ್ಟರಲ್ಲಿ ಚಿಕ್ಕಪ್ಪ ಗುಡದಪ್ಪ ಅವನ ರಟ್ಟೆ ಹಿಡಿದು ಹಿಂದಕ್ಕೆಳೆದ. ಅವನು ನಿಂತಿದ್ದ ನೆಲವೇ ಬಿರಿದು, ಒಂದು ಗಾಡಿಯಷ್ಟು ಮಣ್ಣು ಧುಮ್ಮೆಂದು ತುಂಗಭದ್ರೆಗೆ ಬಿತ್ತು.

“ಇಲ್ಲಿ ಬ್ಯಾಡೋ ತಮ್ಮಾ. ಹೊಳಿ ಒಳಗಿಂದ ತಿಂದೈತಿ.”

“ಅಪ್ಪನ ಬಾಜೂಕ ಮಣ್ಣು ಮಾಡು ಅಂತ ಅವ್ವ ಹೇಳ್ಯಾಳ ಕಾಕಾ. ಹೂಂ ಅಂದೇನಿ ನಾನು.”

ಅಪ್ಪ ಮಾಲತೇಶಪ್ಪನ ಸಮಾಧಿಗೂ ದಂಡೆಯ ಅಂಚಿಗೂ ನಡುವೆ ಈಗ ಒಬ್ಬರನ್ನು ಕೂರಿಸುವಷ್ಟೂ ಜಾಗ ಉಳಿದಿರಲಿಲ್ಲ. ಅಜ್ಜ, ಮುತ್ತಜ್ಜರ ಸಮಾಧಿಗಳು ಹಿಂದಿನ ನೆರೆಗಳಲ್ಲೇ ಹೋಗಿದ್ದವು. ಅತ್ತ ಊರಲ್ಲಿ, ಮನೆಯ ಮುಂದೆ ಗೋಡೆಗೆ ಆನಿಸಿ ಕೂರಿಸಿದ್ದ, ಉಸಿರು ನಿಂತ ಅವ್ವ ಮೈಲವ್ವ ಕಾಯುತ್ತಿದ್ದಳು.

*

ಮೈಲವ್ವ ಸೊಸೆಯಾಗಿ ಬಂದಾಗ ಹೊಳೆಗೂ ಹೊಲಕ್ಕೂ ನಡುವೆ ಉದ್ದಕ್ಕೂ ಜೌಗು ನೆಲ, ಆಳೆತ್ತರದ ಜೊಂಡು. ಅವಳೂ ನೆರೆಮನೆಯ ದೌಲತಬಿಯೂ ಕೆಸರಿಗಿಳಿದು ಜೊಂಡು ಕೊಯ್ದು ಚಾಪೆ ಹೆಣೆಯುತ್ತಿದ್ದರು. ಒಂದು ವರ್ಷ ಮಾಲತೇಶಪ್ಪ ಕಾಲುವೆ ತೋಡಿ ನೀರು ಬಸಿದು, ಜೊಂಡಿಗೆ ಬೆಂಕಿಯಿಟ್ಟು, ನೆಲ ಹಸನು ಮಾಡಿ ಮೆಣಸಿನಗಿಡ ಹಚ್ಚಿದ. ಅವನನ್ನು ನೋಡಿ ಉಳಿದವರೂ ಹಚ್ಚಿದರು. ಜೊಂಡು ಸುಡಬೇಡವೆಂದು ಬೇಡಿಕೊಂಡಿದ್ದ ಮೈಲವ್ವ ಎಷ್ಟೋ ದಿನ ಗಂಡನ ಜೊತೆ ಮಾತೇ ಆಡಲಿಲ್ಲ.

ಬೇರಿಲ್ಲದ ದಂಡೆಯನ್ನು ಹೊಳೆ ಮಳೆಗಾಲಕ್ಕೊಂದಿಷ್ಟು ತಿನ್ನತೊಡಗಿತು. ಕೊನೆಗೆ ಆ ಮೆಣಸಿನ ಹೊಲವೂ ನೀರುಪಾಲಾಯಿತು.

“ನಿನ್ನ ಮಾತು ಕೇಳಬೇಕಾಗಿತ್ತು,” ಎಂದಿದ್ದ ಮಾಲತೇಶಪ್ಪ, ಹಾಸಿಗೆ ಹಿಡಿದ ಮೇಲೆ.

ಮೈಲವ್ವ ಅವನ ಹಣೆ ಒರೆಸಿದ್ದಳು. “ಸುಮ್ನಿರ್ರಿ. ಆ ಮೆಣಸಿನಕಾಯಿ ಬ್ಯಾಡಗಿಗೆ ಒಯ್ಯೋವಾಗ ನನ್ನೂ ಗಾಡ್ಯಾಗ ಕರಕೊಂಡು ಹೋಗಿದ್ರಿ. ಪ್ಯಾಟಿ ತುಂಬ ಬರೇ ಕೆಂಪು. ನಾ ಅದನ್ನ ಹೆಂಗ ಮರೀಲಿ?”

*

ದೌಲತಬಿ ಕೋಲೂರಿಕೊಂಡು ದಂಡೆಗೆ ಬಂದಳು. “ಲಕ್ಕಪ್ಪ, ಅಕಿನ್ನ ಇಲ್ಲಿಟ್ರ ಬರೋ ಮಳಿಗಾಲಕ್ಕ ಇಬ್ರೂ ಇರೂದಿಲ್ಲ.”

“ಮಾತು ಕೊಟ್ಟೇನಿ ಚಿಗವ್ವ. ಹೆಂಗ ತಪ್ಪಲಿ?”

“ಗಂಡನ ಬಾಜೂಕ ಅಂದ್ಲು. ಹೊಳಿದಂಡ್ಯಾಗ ಅಂತ ಅಂದ್ಲೇನು? ನಿಮ್ಮಪ್ಪನ್ನ ಅಕಿ ಇರೋ ಕಡೆ ಕರಕೊಂಡು ಹೋಗು.”

ಲಕ್ಕಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಗುದ್ದಲಿ ಬಿಟ್ಟು, ಅಪ್ಪನ ಸಮಾಧಿಯ ಮುಂದೆ ಮಂಡಿಯೂರಿ, ಕೈಯಿಂದಲೇ ಮಣ್ಣು ಬಗೆಯತೊಡಗಿದ. ಗುಡದಪ್ಪ ಹೆಗಲ ಮೇಲಿನ ಟವೆಲ್ ತೆಗೆದು ನೆಲಕ್ಕೆ ಹಾಸಿ, ಅಣ್ಣನ ಮಣ್ಣಿಗೆ ತಾನೂ ಕೈಹಾಕಿ, ಅದರಲ್ಲಿ ತುಂಬಿ ಗಂಟು ಕಟ್ಟಿದ.

ಸಂಜೆಯೊಳಗೆ ಹೊಳೆಯಿಂದ ದೂರದ ದಿಬ್ಬದ ಹೊಲದಲ್ಲಿ ಗುಂಡಿ ಸಿದ್ಧವಾಯಿತು. ಮೈಲವ್ವನನ್ನು ಇಳಿಸಿ ಕೂರಿಸಿದರು. ಎಲ್ಲರೂ ಹಿಡಿ ಮಣ್ಣು ಹಾಕಲು ಬಗ್ಗಿದಾಗ ಲಕ್ಕಪ್ಪ ತಡೆದು, ಟವೆಲಿನ ಗಂಟನ್ನು ದೌಲತಬಿಯ ಕೈಗೆ ಕೊಟ್ಟ.

“ಮೊದಲ ನೀ ಹಾಕು ಚಿಗವ್ವ.”

ಅವಳು ಗುಂಡಿಯ ಅಂಚಿನಲ್ಲಿ ಕುಳಿತು ಗಂಟು ಬಿಚ್ಚಿದಳು.

“ಒಂದೀಟು ಸರಕೋ ಮೈಲಿ,” ಎಂದಳು ಮೆಲ್ಲಗೆ. “ಬಂದಾರ ನೋಡು.”

ಹೊಳೆದಂಡೆಯ ಒದ್ದೆ ಕರಿಮಣ್ಣು ಆ ಕೆಂಪು ಗುಂಡಿಯೊಳಗೆ ಇಳಿದು, ಮೈಲವ್ವನ ಮಗ್ಗುಲಲ್ಲಿ ಸೀರೆಯಂಚಿಗೆ ತಾಗಿ ನಿಂತಿತು.