ಮದುವೆ ಮುಗಿಸ್ಕೊಂಡು ಬನ್ನಿ

"ಕಣ್ಣು ಕತ್ತಲೆ ಬರೋದು ಎದ್ದು ನಿಂತಾಗ ಮಾತ್ರನಾ, ಕೂತಿದ್ದಾಗಲೂ ಬರುತ್ತಾ?" ನಾಲ್ಕನೇ ರೂಮಿನೊಳಗೆ ಡಾಕ್ಟರ ಮೇಜಿನ ಮೇಲಿನ ಮಾತಾಡುವ ಡಬ್ಬಿ ಕೇಳುತ್ತಿತ್ತು.

ವೇಣಿ ಹೊರಗೆ ಕಾರಿಡಾರಿನಲ್ಲಿ ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದಳು. "ಎದ್ರೆ ಬತ್ತದೆ, ಕುಂತ್ರೆ ಓಯ್ತದೆ," ಎಂದ ಒಳಗಿದ್ದ ಮುದುಕ. ಅದನ್ನು ಹಿಂದಿಯಲ್ಲಿ ಹೇಗೆ ಹೇಳುವುದೆಂದು ಅವಳು ಮನಸ್ಸಿನಲ್ಲೇ ಜೋಡಿಸಿಕೊಳ್ಳುವಷ್ಟರಲ್ಲಿ ಡಬ್ಬಿ ಡಾಕ್ಟರ್ ಮಲ್ಲಿಕ್ ಅವರಿಗೆ ಹೇಳಿ ಮುಗಿಸಿತ್ತು. ಅವಳು ಜೋಡಿಸಿದ್ದಕ್ಕಿಂತ ಅದು ಹೇಳಿದ್ದೇ ಚೆನ್ನಾಗಿತ್ತು.

"ಏನೇ, ಆ ಜಾಗದಲ್ಲಿ ಬಾವಿ ತೋಡ್ತೀಯಾ?" ಫೈಲು ಹಿಡಿದು ಬಂದ ಆಶಾರಾಣಿ ಸಿಸ್ಟರ್ ಕೇಳಿದರು. "ನಿನ್ನ ಡಾಕ್ಟ್ರಿಕೆ ಹೋಯ್ತು ಕಣೇ. ಆ ಕಡೆ ಬಾತ್‌ರೂಮ್ ನೋಡು ಹೋಗು."

ವೇಣಿ ನಕ್ಕು ಬಕೆಟ್ಟು ಎತ್ತಿಕೊಂಡಳು.

ಡಬ್ಬಿ ಬಂದದ್ದು ಯುಗಾದಿ ಆದಮೇಲೆ. ಅಂಗೈ ಅಗಲದ ಬಿಳಿ ಡಬ್ಬಿ, ಮೇಲೊಂದು ಹಸಿರು ದೀಪ. ಆಫೀಸಿನವರು ಅದನ್ನು ಎಐ ಅನ್ನುತ್ತಿದ್ದರು, ಉಳಿದವರೆಲ್ಲ ಡಬ್ಬಿ ಅಂದರು. ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಎದುರಿನವರ ಭಾಷೆಯಲ್ಲಿ ಹೇಳುತ್ತಿತ್ತು. ವೈಟ್‌ಫೀಲ್ಡಿನ ಆ ಆಸ್ಪತ್ರೆಗೆ ಸರ್ಜಾಪುರದ ಕಡೆಯ ಹಳ್ಳಿಯವರು ಬರುತ್ತಿದ್ದರು, ತಮಿಳು ಗಾರೆಯವರು ಬರುತ್ತಿದ್ದರು, ಒಡಿಶಾದ ವಾಚ್‌ಮನ್‌ಗಳು ಬರುತ್ತಿದ್ದರು. ಕೋಲ್ಕತ್ತಾದಿಂದ ಬಂದ ಡಾಕ್ಟರ್ ಮಲ್ಲಿಕ್ ಈಗ ಎಲ್ಲರ ಜೊತೆಗೂ ಮಾತಾಡುತ್ತಿದ್ದರು.

ಅದಕ್ಕೆ ಮುಂಚೆ ಮೂರು ವರ್ಷ, ಕನ್ನಡದವರು ಬಂದಾಗಲೆಲ್ಲ ಕಾರಿಡಾರಿನಲ್ಲಿ ಒಂದು ಕೂಗು ಕೇಳುತ್ತಿತ್ತು. "ವೇಣಿ ಎಲ್ಲಿ? ವೇಣೀನ ಕರೀರಿ." ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟ ವೇಣಿ ಒಂದು ಅಪಾರ್ಟ್‌ಮೆಂಟಿನಲ್ಲಿ ಹಿಂದಿಯವರ ಮಗುವನ್ನು ಐದು ವರ್ಷ ನೋಡಿಕೊಂಡಿದ್ದಳು. ಮಗು ಮಾತು ಕಲಿಯುವಾಗ ಅದರ ಜೊತೆ ಅವಳೂ ಕಲಿತಳು. ಆ ಕೂಗು ಕೇಳಿದಾಗ ಮಾಪನ್ನು ಗೋಡೆಗೆ ಒರಗಿಸಿ, ಕೈ ತೊಳೆದು, ವೇಲಿಗೆ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಸ್ಟಾಪ್ ಬಂದರೂ ಕೂಗಿ ನಿಲ್ಲಿಸಲು ನಾಚುತ್ತಿದ್ದವಳು ಆ ರೂಮಿನಲ್ಲಿ ಮಾತ್ರ ಎರಡು ಜನರ ಮಾತು ಆಡುತ್ತಿದ್ದಳು. ಹೊರಗೆ ಬಂದಮೇಲೆ ಹಳ್ಳಿಯ ಹೆಂಗಸರು ಅವಳ ತಲೆ ಸವರುತ್ತಿದ್ದರು. ಸಂಜೆ ದೊಡ್ಡನೆಕ್ಕುಂದಿಯ ತನ್ನ ಶೀಟಿನ ರೂಮಿಗೆ ಹೋದಮೇಲೆ ಅವಳನ್ನು ಮುಟ್ಟುವವರು ಯಾರೂ ಇರಲಿಲ್ಲ.

ಡಬ್ಬಿ ಹಳ್ಳಿ ಮಾತಿಗೆ ತಡವರಿಸುತ್ತದೆ ಎಂದು ಅವಳು ಕಾದಳು. ತಡವರಿಸಲಿಲ್ಲ. ಅವಳೆದುರು ಎಂದೂ ಬಾಯಿ ಬಿಡದ ಹೆಂಗಸರು ಡಬ್ಬಿಯ ಮುಂದೆ ತಿಂಗಳ ತೊಂದರೆ, ಗಂಡನ ತೊಂದರೆ ಎಲ್ಲ ಹೇಳಿಕೊಂಡರು. ಒಬ್ಬಳಂತೂ, "ಬಾಗ್ಲಾಕ್ಕೊಂಡು ಓಗಮ್ಮ," ಎಂದು ವೇಣಿಯನ್ನೇ ಹೊರಗೆ ಕಳಿಸಿದಳು.

ಒಮ್ಮೆ ಡಾಕ್ಟರ್ ಊಟಕ್ಕೆ ಹೋದಾಗ, ಮೇಜು ಒರೆಸುತ್ತಾ ಅವಳು ಅದರ ಗುಂಡಿ ಒತ್ತಿ, "ವೊಟ್ಟೆ ತೊಳಸ್ತದೆ," ಎಂದಿದ್ದಳು.

"ಎಷ್ಟು ದಿನದಿಂದ? ಊಟಕ್ಕೆ ಮುಂಚೆನಾ, ಆದಮೇಲಾ?"

"ನಂಗಲ್ಲ. ಸುಮ್ನೆ ಅಂದೆ."

"ಆಗಲಿ. ನಿಮಗೇ ಏನಾದ್ರೂ ಇದ್ರೆ ಡಾಕ್ಟರ್ ಇರುವಾಗ ಹೇಳಿ. ನಾನು ಬರೀ ಮಾತು ದಾಟಿಸೋದು."

ಅದರಲ್ಲಿ ಹುಡುಕಿದರೂ ಹುಳುಕು ಸಿಗಲಿಲ್ಲ. ಗುಂಡಿ ಒತ್ತಿ ಆರಿಸಿ, ಮೆಟ್ಟಿಲ ಕೆಳಗೆ ಕೂತು ತನ್ನ ಚಿತ್ರಾನ್ನ ತಿಂದಳು.

ಮಾರಕ್ಕ ಬಂದದ್ದು ಒಂದು ಸೋಮವಾರ ಹತ್ತು ಗಂಟೆಗೆ. ವೇಣಿ ಆಗಷ್ಟೇ ಕಾರಿಡಾರು ಒರೆಸಿದ್ದಳು. ಜನ ಚಪ್ಪಲಿ ಕಾಲಲ್ಲೇ ನಡುವೆ ತುಳಿದುಕೊಂಡು ಹೋಗುತ್ತಿದ್ದರು. ಒಬ್ಬ ಹೆಂಗಸು ಮಾತ್ರ ಚಪ್ಪಲಿ ಕಳಚಿ ಒಂದು ಕೈಯಲ್ಲಿ ಹಿಡಿದು, ಸೀರೆ ಎತ್ತಿಕೊಂಡು, ಗೋಡೆಯ ಅಂಚಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತಾ ಬಂದಳು.

"ನಡುವೇನೇ ಬನ್ನಿ ಅಮ್ಮ, ಪರವಾಗಿಲ್ಲ," ಎಂದಳು ವೇಣಿ.

"ಬ್ಯಾಡ ಮಗ. ಈಗಿನ್ನೂ ಒರ್ಸಿದೀಯ, ಎಂಗೆ ತುಳೀಲಿ?" ಎಂದು ತಲೆಯೆತ್ತಿದ ಹೆಂಗಸು ಅವಳ ಕೈ ಹಿಡಿದುಕೊಂಡಳು. "ನೀನಾ? ಇಲ್ಲೇ ಇದೀಯಾ? ಸದ್ಯ."

ವೇಣಿಗೂ ಗುರುತು ಸಿಕ್ಕಿತು. ಮಾರಕ್ಕನ ಕೊರಳಲ್ಲಿ ತಾಳಿ ಇರಲಿಲ್ಲ. ಕರಿ ದಾರದಲ್ಲಿ ಬೀಗದ ಕೈಯೊಂದು ತೂಗುತ್ತಿತ್ತು.

ಅಷ್ಟರಲ್ಲಿ ಟೋಕನ್ ನಂಬರು ಕೂಗಿದರು. ಮಾರಕ್ಕ ಬಾಗಿಲ ಹೊರಗೆ ಚಪ್ಪಲಿ ಇಟ್ಟು ನಾಲ್ಕನೇ ರೂಮಿನೊಳಗೆ ಹೋದಳು. ವೇಣಿ ಬಕೆಟ್ಟಿನ ಪಕ್ಕ ನಿಂತೇ ಇದ್ದಳು.

ಎರಡು ವರ್ಷದ ಹಿಂದೆ ಮಾರಕ್ಕ ಗಂಡನನ್ನು ಕರೆತಂದಿದ್ದಳು. ಹನುಮಂತಯ್ಯ ಎಂದು ಹೆಸರು. ಕೆನ್ನೆಯ ಒಳಗೆ ಹೊಗೆಸೊಪ್ಪು ಇಟ್ಟುಕೊಳ್ಳುವ ಜಾಗದಲ್ಲಿ ಹುಣ್ಣು. ಡಾಕ್ಟರ್ ಟಾರ್ಚು ಹಾಕಿ ನೋಡಿ ವೇಣಿಗೆ ಹಿಂದಿಯಲ್ಲಿ ಹೇಳಿದರು: ನನಗೆ ಇದು ಸರಿ ಕಾಣುತ್ತಿಲ್ಲ. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ಈ ವಾರದೊಳಗೆ ಬರಲೇಬೇಕು ಎಂದು ಹೇಳು. ವೇಣಿ ತಿರುಗಿದಾಗ ಹನುಮಂತಯ್ಯನ ಕೈಯಲ್ಲಿ ಮಗಳು ರಾಣಿಯ ಲಗ್ನಪತ್ರಿಕೆಗಳ ಚೀಲವಿತ್ತು. ಅಂಚಿಗೆ ಅರಿಸಿನ ಹಚ್ಚಿದ ಪತ್ರಿಕೆಗಳು. ಹಂಚಲು ಹೊರಟವರು ದಾರಿಯಲ್ಲಿ ಆಸ್ಪತ್ರೆಗೆ ಬಂದಿದ್ದರು. ಅವನು ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದ. "ಮದುವೆ ಬರೋ ತಿಂಗ್ಳವ್ವ. ಏನಂತೆ?" ಎಂದ.

"ಹುಣ್ಣಂತೆ. ಔಷಧಿ ಕೊಡ್ತಾರೆ, ಹಚ್ಕೊಳ್ಳಿ. ಮದುವೆ ಮುಗಿಸ್ಕೊಂಡು ಬನ್ನಿ, ಒಂದ್ಸಲ ಪರೀಕ್ಷೆ ಮಾಡ್ತಾರೆ," ಎಂದಳು ವೇಣಿ. ಡಾಕ್ಟರ್, "ಒಪ್ಪಿದರಾ?" ಎಂದು ಕೇಳಿದಾಗ, "ಒಪ್ಪಿದ್ರು ಸಾರ್," ಎಂದಳು. ಮಾರಕ್ಕ ಅವಳ ಕೆನ್ನೆ ಮುಟ್ಟಿ ನೆಟಿಕೆ ಮುರಿದು, ಒಂದು ಪತ್ರಿಕೆಯನ್ನು ಅವಳಿಗೂ ಕೊಟ್ಟು ಹೋದಳು.

ನಾಲ್ಕು ತಿಂಗಳು ಬಿಟ್ಟು ಬಂದಾಗ ಹನುಮಂತಯ್ಯನ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. "ಯಾಕೆ ಇಷ್ಟು ತಡ ಅಂತ ಕೇಳು," ಎಂದರು ಡಾಕ್ಟರ್. "ಮದುವೆ ಇತ್ತಂತೆ ಸಾರ್," ಎಂದಳು ವೇಣಿ. ಅವರನ್ನು ದೊಡ್ಡಾಸ್ಪತ್ರೆಗೆ ಕಳಿಸಿದರು. ನಡುವೆ ಇದ್ದವಳು ಅವಳೊಬ್ಬಳೇ. ಏನಾಯಿತೆಂದು ಬೇರೆ ಯಾರಿಗೂ ಗೊತ್ತಾಗಲಿಲ್ಲ.

ಒಳಗೆ ಮಾರಕ್ಕನ ದನಿ ಏರಿತು. ಬಾಗಿಲು ತೆರೆದ ಆಶಾರಾಣಿ ಸಿಸ್ಟರ್ ಕಾರಿಡಾರಿನ ಆಚೆ ಈಚೆ ನೋಡಿದರು.

"ವೇಣಿ ಎಲ್ಲಿ? ಬಾರೇ ಇಲ್ಲಿ."

ಆರು ತಿಂಗಳಾಗಿತ್ತು ಆ ಮಾತು ಕೇಳಿ. ವೇಣಿ ಕೈ ತೊಳೆದಳು. ವೇಲಿಗೆ ಎರಡು ಸಲ ಒರೆಸಿಕೊಂಡಳು.

"ಅಕಾ, ಬಂತು ನನ್ ತಾಯಿ," ಎಂದಳು ಮಾರಕ್ಕ, ಪಕ್ಕದ ಸ್ಟೂಲು ತಟ್ಟಿ. "ಕೂತ್ಕೋ. ಈ ಡಬ್ಬಿ ಏನೇನೋ ಏಳ್ತದೆ ಮಗ. ಬಾಯಲ್ಲಿ ಬಿಳಿ ಮಚ್ಚೆ ಅಂತೆ, ಕತ್ತರಿಸ್ಬೇಕಂತೆ, ಗುರುವಾರನೇ ಬಾ ಅಂತೆ. ಬರೋ ಅಮಾಸೆಗೆ ಯಜಮಾನ್ರ ವರ್ಷದ ತಿಥಿ ಐತೆ. ಎಂಗ್ ಬರ್ಲಿ? ನೀನು ಕೇಳಿ ಏಳು. ನೀನು ನಮ್ಮೋಳು."

"ಮನುಷ್ಯರೊಬ್ಬರು ಜೊತೆಗೆ ಇರಲಿ ಅಂತ ನಾನೂ ಡಾಕ್ಟರಿಗೆ ಹೇಳಿದೆ," ಎಂದಿತು ಡಬ್ಬಿ. ಅದು ಎಂದಿನಂತೆಯೇ ಮೆಲ್ಲಗೆ ಮಾತಾಡುತ್ತಿತ್ತು.

"ಮದ್ಲು ಅದ್ರ ಬಾಯ್ ಮುಚ್ಸು. ನಾವು ಮಾತಾಡೋವಾಗ ಅದ್ಯಾಕೆ ನಡುವೆ?"

ಡಬ್ಬಿ ಅದನ್ನೂ ಹಿಂದಿಯಲ್ಲಿ ಹೇಳಿತು. ಡಾಕ್ಟರ್ ಮಲ್ಲಿಕ್ ಸಣ್ಣಗೆ ನಕ್ಕು ಗುಂಡಿಗೆ ಕೈ ಚಾಚಿದರು. "ನಾನು ಸುಮ್ಮನಿರ್ತೀನಿ," ಎಂದಿತು ಡಬ್ಬಿ. "ಈ ವಾರದೊಳಗೆ ಅನ್ನೋದು ಮಾತ್ರ ಬಿಟ್ಟು ಹೋಗದಿರಲಿ." ಹಸಿರು ದೀಪ ಆರಿತು.

ಡಾಕ್ಟರ್ ವೇಣಿಗೆ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಏನೂ ಇಲ್ಲದೆಯೂ ಇರಬಹುದು. ಚೂರು ತೆಗೆದು ನೋಡದೆ ಗೊತ್ತಾಗುವುದಿಲ್ಲ. ಕೆಟ್ಟದ್ದೇ ಆಗಿದ್ದರೂ ಈಗ ಹಿಡಿದರೆ ವಾಸಿಯಾಗುತ್ತದೆ. ಕಾಯಬಾರದು.

ವೇಣಿ ಮಾರಕ್ಕನ ಕಡೆ ತಿರುಗಿದಳು. ಮಾರಕ್ಕನ ಒರಟು ಕೈ ಅವಳ ಕೈಯ ಮೇಲಿತ್ತು. ಬೆಚ್ಚಗಿತ್ತು.

"ಏಳವ್ವ. ತಿಥಿ ಮುಗಿಸ್ಕಂಡು ಬತ್ತೀನಿ ಅಂದ್ರೆ ಆಯ್ತದೆ ಅಲ್ವಾ? ಅವತ್ತೂ ನೀನು ಒಳ್ಳೆ ಮಾತು ಏಳ್ದೆ. ಸಾಯೋಗಂಟ ನಿನ್ನ ನೆನೀತಿತ್ತು ಆವಯ್ಯ. ಮಗಳ್ನ ಧಾರೆ ಎರೆದು ಓಯ್ತು."

ಡಾಕ್ಟರ್ ಇಬ್ಬರ ಮುಖವನ್ನೂ ನೋಡುತ್ತಿದ್ದರು. ಅವತ್ತಿನ ಹಾಗೆಯೇ, ಅವರಿಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ಮೇಜಿನ ಮೇಲೆ ಡಬ್ಬಿ ಸುಮ್ಮನೆ ಕೂತಿತ್ತು. 'ಗುರುವಾರನೇ ಬನ್ನಿ' ಎಂದಷ್ಟೇ ಹೇಳಿ ಎದ್ದುಬಿಡಬಹುದಿತ್ತು. ಆದರೆ ಮಾರಕ್ಕ ಆ ಮಾತು ನಂಬುವುದಿಲ್ಲ. ತಿಥಿ ಮುಗಿಯಲಿ ಎಂದು ಊರಿಗೆ ಹೋಗುತ್ತಾಳೆ.

"ಆಗಲ್ಲ ಅಮ್ಮ. ಈ ವಾರನೇ ಬರ್ಬೇಕು."

"ನೀನೂ ಅಂಗೇ ಅಂತೀಯಾ? ಅವತ್ತು ಮದುವೆಗೆ ಬಿಟ್ಟಿರ್ಲಿಲ್ವಾ ಡಾಕ್ಟ್ರು? ಇದ್ಕೂ ಬಿಡ್ತಾರೆ, ಕೇಳ್ನೋಡು."

"ಅವತ್ತೂ ಡಾಕ್ಟ್ರು ಈ ವಾರದೊಳಗೆ ಅಂದಿದ್ರು," ಎಂದಳು ವೇಣಿ. ತನ್ನ ದನಿ ತನಗೇ ಕೇಳದಷ್ಟು ಸಣ್ಣಗಿದೆ ಅನ್ನಿಸಿ, ಮತ್ತೆ ಹೇಳಿದಳು. "ಮದುವೆ ಮುಗಿಸ್ಕೊಂಡು ಬನ್ನಿ ಅಂತ ಅವರು ಹೇಳ್ಲಿಲ್ಲ. ನಾನೇ ಹೇಳಿದ್ದು."

ಹೊರಗೆ ಯಾರದೋ ಟೋಕನ್ ನಂಬರು ಕೂಗಿದರು. ಯಾರೋ ಕೆಮ್ಮಿದರು.

"ಯಾಕೆ?"

"ಮಗಳ ಮದುವೆ ಬರೋ ತಿಂಗ್ಳು ಅಂದ್ರು. ಪತ್ರಿಕೆ ಬೇರೆ ಹಿಡ್ಕೊಂಡಿದ್ರು. ಮದುವೆ ಮನೆಯೋರಿಗೆ ಅಂಥ ಮಾತು... ನನ್ನ ಬಾಯಿಗೆ ಬರ್ಲಿಲ್ಲ."

ಮಾರಕ್ಕ ಅವಳನ್ನೇ ನೋಡಿದಳು. "ಕಡೆಕಡೇಗೆ ಗಂಜಿ ನುಂಗಕ್ಕೂ ಆಯ್ತಿರ್ಲಿಲ್ಲ ಆವಯ್ಯಂಗೆ," ಎಂದಳು. ಆಮೇಲೆ, "ಅವ್ರು ಏಳಿದ್ನ ಏಳಕ್ಕೆ ತಾನೆ ನಿನ್ನ ಕರ್ದಿದ್ದು?" ಎಂದಳು.

ಮಾರಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಆ ಕೈ ಕೊರಳಿನ ಬೀಗದ ಕೈಯನ್ನು ಹಿಡಿದುಕೊಂಡಿತು.

"ಏನಾಯಿತು?" ಎಂದರು ಡಾಕ್ಟರ್. ವೇಣಿ ಹಿಂದಿಯಲ್ಲಿ ಏನಾದರೂ ಹೇಳುವ ಮೊದಲೇ ಮಾರಕ್ಕ ಡಬ್ಬಿಯ ಕಡೆ ಬೆರಳು ತೋರಿಸಿದಳು. "ಅದ್ನ ಆಕ್ಸಿ ಸಾಮಿ."

ದೀಪ ಹತ್ತಿತು. ಮಾರಕ್ಕ ಸ್ಟೂಲನ್ನು ಡಬ್ಬಿಯ ಕಡೆ ತಿರುಗಿಸಿಕೊಂಡಳು. ಈಗ ವೇಣಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

"ನಮ್ ಯಜಮಾನ್ರಿಗೆ ಈ ವಾರನೇ ಬರ್ಬೇಕು ಅಂದಿದ್ರಂತೆ. ಈ ಉಡ್ಗಿ ಮದುವೆ ಮುಗಿಸ್ಕೊಂಡು ಬನ್ನಿ ಅಂತ ನಮ್ಗೆ ಏಳಿದ್ಲು. ನಿಜ್ವಾ ಅಂತ ಡಾಕ್ಟ್ರನ್ನ ಕೇಳು."

ವೇಣಿ ತಾನು ಮಾಡಿದ್ದನ್ನು ಮೊದಲ ಸಲ ಹಿಂದಿಯಲ್ಲಿ ಕೇಳಿಸಿಕೊಂಡಳು. ಡಬ್ಬಿ ಒಂದು ಮಾತನ್ನೂ ಬಿಡಲಿಲ್ಲ, ಸೇರಿಸಲೂ ಇಲ್ಲ. ಡಾಕ್ಟರ್ ಮಲ್ಲಿಕ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಾರಕ್ಕನ ಕಡೆ ತಿರುಗಿ ಮಾತಾಡಿದರು.

"ಹೌದು ಅಂತಾರೆ ಡಾಕ್ಟರ್," ಎಂದಿತು ಡಬ್ಬಿ. "ಈ ವಾರದೊಳಗೆ ಅಂತಲೇ ಹೇಳಿದ್ರಂತೆ. ನಿಮಗೆ ಹಾಗೆ ತಲುಪಿಲ್ಲ ಅನ್ನೋದು ಅವರಿಗೆ ಈಗಲೇ ಗೊತ್ತಾಗಿದ್ದಂತೆ. ತಾನೂ ಇನ್ನೊಂದ್ಸಲ ಕೇಳಿ ನೋಡ್ಬೇಕಿತ್ತು ಅಂತಿದ್ದಾರೆ."

ಮಾರಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ನೀನು ಹೊರಗಿರು ವೇಣಿ," ಎಂದರು ಡಾಕ್ಟರ್ ಹಿಂದಿಯಲ್ಲಿ. "ಓಪಿಡಿ ಮುಗಿದಮೇಲೆ ಮಾತಾಡೋಣ." ಬೈದಂತಿರಲಿಲ್ಲ. ವೇಣಿ ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡಳು.

ಸಿಸ್ಟರ್ ದೂರದಿಂದ, "ಏನಂತೆ? ನಿನ್ನೇ ಬೇಕು ಅಂತ ಕೂತಿತ್ತಲ್ಲ ಮುದುಕಿ," ಎಂದರು. ವೇಣಿ ತಲೆ ಆಡಿಸಿ, ಮಾಪನ್ನು ನೀರಿನಲ್ಲಿ ಅದ್ದಿ ಹಿಂಡಿದಳು. ಏನೂ ತೋಚದೆ ಕಾರಿಡಾರನ್ನು ಆ ತುದಿಯಿಂದ ಮತ್ತೆ ಒರೆಸತೊಡಗಿದಳು. ನಾಲ್ಕನೇ ರೂಮಿನ ಮುಂದೆ ಬಂದಾಗ ಒಳಗಿನ ಮಾತು ಕೇಳಿಸಿತು.

"ಗುರುವಾರ ಬೆಳಿಗ್ಗೆ ಏನೂ ತಿನ್ದೇ ಬರ್ಬೇಕಾ?" ಎಂದು ಮಾರಕ್ಕ ಕೇಳುತ್ತಿದ್ದಳು.

"ತಿಂಡಿ ತಿಂದೇ ಬನ್ನಿ, ತೊಂದರೆ ಇಲ್ಲ. ಹೊಗೆಸೊಪ್ಪು ಮಾತ್ರ ಇವತ್ತಿಂದಲೇ ಬೇಡ ಅಂತಾರೆ. ನಿಮ್ಮ ಜೊತೆಗೆ ಬರೋರು ಯಾರಾದರೂ ಇದ್ದಾರಾ?"

"ಮಗಳವ್ಳೆ. ಅವಳ್ನ ಕರ್ಕಂಡು ಬತ್ತೀನಿ."

ಬಾಗಿಲು ತೆರೆಯಿತು. ವೇಣಿ ಬಕೆಟ್ಟನ್ನು ಪಕ್ಕಕ್ಕೆ ಎಳೆದು ಗೋಡೆಗೆ ಒತ್ತಿ ನಿಂತಳು. ಮಾರಕ್ಕ ಚಪ್ಪಲಿ ಮೆಟ್ಟಿಕೊಂಡು, ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳ ಕಡೆ ನೋಡಲಿಲ್ಲ. ಗೋಡೆಯ ಅಂಚಿಗೂ ಹೋಗಲಿಲ್ಲ. ಹಸಿ ನೆಲದ ನಟ್ಟನಡುವೆ, ಸೀರೆಯನ್ನೂ ಎತ್ತದೆ, ಹೊರಬಾಗಿಲಿನವರೆಗೆ ನಡೆದು ಹೋದಳು.

ಅವಳ ಚಪ್ಪಲಿಯ ಗುರುತು ಒಂದರ ಹಿಂದೊಂದು ಬಾಗಿಲಿನವರೆಗೂ ಮೂಡಿತ್ತು. ಎಲ್ಲಿಯದೋ ಕೆಮ್ಮಣ್ಣು. ಬೇರೆ ಯಾರೋ ಬಂದರು, "ನಡೀಬೋದಾ?" ಎಂದು ಕೇಳಿದರು. ವೇಣಿ ಗೋಡೆಯ ಅಂಚು ತೋರಿಸಿದಳು. ಮಾಪು ಅವಳ ಕೈಯಲ್ಲೇ ಇತ್ತು. ಫ್ಯಾನಿನ ಗಾಳಿಗೆ ನೆಲ ಆ ತುದಿಯಿಂದ ಒಣಗುತ್ತಾ ಬಂತು. ನೀರು ಆರಿದಮೇಲೂ ಮಣ್ಣಿನ ಹೆಜ್ಜೆಗಳು ಹಾಗೆಯೇ ಉಳಿದವು.