ಪುಟ್ಟಮಾದಮ್ಮನ ಮಿಲ್ಲಿನ ಕಿಡಿ

ಮತ್ತೊಂದು ಹಸಿರು ಕಡ್ಡಿ ಎದ್ದಿತು, ಪರದೆಯ ಗಾಜಿನ ಮೇಲೆ ನಾನು ಮೇಣದ ಪೆನ್ಸಿಲ್ಲಿನಿಂದ ಎಳೆದ ಮಿತಿಯ ಗೆರೆ ದಾಟಿ ನಿಂತಿತು, ಇಳಿಯುವುದಿಲ್ಲ, ಎದ್ದದ್ದನ್ನೆಲ್ಲ ಹಿಡಿದಿಟ್ಟುಕೋ ಎಂದು ರೇಡಿಯೋ ಗದ್ದಲ ಅಳೆಯುವ ಈ ಸ್ಪೆಕ್ಟ್ರಮ್ ಅನಲೈಸರಿಗೆ ಹೇಳಿರುವವಳು ನಾನೇ — ನಾನಲ್ಲ, ಪಾರ್ಥಸಾರಥಿ ಸಾರ್, ಬೆಳಿಗ್ಗೆ ಮಂಡ್ಯದ ಆಫೀಸಿನಲ್ಲಿ, ಗುಂಡಿ ಶಿಖರದಲ್ಲಿಡಿ ಚೂಡಾಮಣಿ, ಹಿಡಿದಿಡಿ, ಫೋಟೋ ತೆಗೆಯಿರಿ, ಗೆರೆ ದಾಟಿದರೆ ಮೋಟಾರಿನ ಕರೆಂಟು ತೆಗೆಸಿ ಬನ್ನಿ, ಅಷ್ಟೇ ಕೆಲಸ. ಅಷ್ಟೇ. ಕೊಪ್ಪದ ಪಂಚಾಯ್ತಿ ಕೋಣೆ, ಕಿಟಕಿಯಾಚೆ ಪುಟ್ಟಮಾದಮ್ಮನ ಹಿಟ್ಟಿನ ಮಿಲ್ಲು, ಪಟಪಟ ಬೆಲ್ಟು, ಬಿಸಿ ರಾಗಿಯ ವಾಸನೆ, ಬಾಗಿಲಲ್ಲಿ ಮರಿಸಿದ್ದಯ್ಯ, ಪಂಚಾಯ್ತಿ ರೇಡಿಯೋ ನೋಡಿಕೊಳ್ಳುವವನು, ದೂರು ಅವನದೇ, ನೋಡಿ ಅಮ್ಮೋರೆ, ವಾರ್ತೆ ಬರೋ ವೊತ್ಗೇ ಇವಳ ಮಿಲ್ಲು, ಕಿವಿಗೆ ಜೀರುಂಡೆ ಬುಟ್ಟಂಗಾಯ್ತದೆ. ಮಿಲ್ಲಿನಿಂದಲೇ ಅವಳು, ನಿನ್ನೆಂಡ್ರು ಇಟ್ಟು ಬೀಸುಸ್ಕಂಡೋದ್ಲಲ್ಲ, ಆ ಮುದ್ದೆ ಗಂಟ್ಲಲ್ಲಿ ಇಳೀತೇನ್ಲಾ ಮರಿಸಿದ್ದ, ನಾಳೆಯಿಂದ ರೇಡಿಯೋನೇ ಮುರ್ಕಂಡು ಉಣ್ಣು — ನಗು ಬಂತು, ನುಂಗಿದೆ. ಗಂಡನಿಲ್ಲ, ಆ ಕಲ್ಲೊಂದೇ ಅವಳ ಅನ್ನ, ಮೋಟಾರಿನ ಕಿಡಿ ರೇಡಿಯೋಗೆ ತಾಗದಂತೆ ತಡೆಯುವ ಪೆಟ್ಟಿಗೆ ಬೆಂಗಳೂರಿನಿಂದ ಬರಬೇಕು, ಯಾವಾಗ ಬರುತ್ತದೋ ಯಾರೂ ಹೇಳಲಾರರು, ಗೆರೆ ದಾಟಿದರೆ ಅಲ್ಲಿಯವರೆಗೆ ಕರೆಂಟಿಲ್ಲ. ರಸ್ತೆಯಲ್ಲಿ ಹಾಲಿನವನ ಮೋಟಾರ್ ಬೈಕು ಹೋಯಿತು, ಅದರ ಕಿಡಿಯೂ ಕಡ್ಡಿಯಾಗಿ ನಿಂತಿತು, ಅವಳ ಲೆಕ್ಕಕ್ಕೇ, ಹಿಡಿದಿಟ್ಟ ಚಿತ್ರಕ್ಕೆ ಯಾರದು ಯಾವುದು ಗೊತ್ತಾಗುವುದಿಲ್ಲ. ಅಮ್ಮನಿಗೂ ಹೀಗೇ, ನನ್ನ ಮದುವೆಯ ದಿನ ಚಿಕ್ಕಮ್ಮ ಆಡಿದ ಒಂದು ಮಾತು ಇನ್ನೂ ನೆಟ್ಟಗೆ ನಿಂತಿದೆ, ಆಮೇಲೆ ಅಮ್ಮ ಕಾಯಿಲೆ ಬಿದ್ದು ಮಲಗಿದ್ದಾಗ ಚಿಕ್ಕಮ್ಮ ಕಾಸಿ ತಂದ ಗಂಜಿ ಎಲ್ಲೋ ಗೆರೆಯ ಕೆಳಗೆ.

ಚಿತ್ರ ಅಳಿಸಿದೆ. ಸರಾಸರಿಗೆ ತಿರುಗಿಸಿದೆ, ಕಡ್ಡಿಗಳೆಲ್ಲ ಮಲಗಿದವು, ಪಕ್ಕದಲ್ಲಿ ರೇಡಿಯೋ ಮಾತ್ರ ಚಟಚಟ ಅನ್ನುತ್ತಲೇ ಇದೆ, ಹಾಗಾದರೆ ಇದೂ ಸುಳ್ಳು, ಮೈಸೂರಿನ ಕಾಲೇಜಿನಲ್ಲಿ ಆಂಡಾಳ್ ಮೇಡಂ, ಒಂದೇ ವಸ್ತುವಿಗೆ ಎರಡು ಉತ್ತರ ಬಂದರೆ ನೀನು ಕೇಳಿದ ಪ್ರಶ್ನೆ ಎರಡು ಅಂತ ತಿಳಿ. ಒಮ್ಮೆ ಎಷ್ಟೆತ್ತರ ಹಾರಿತು ಅನ್ನುವುದು ಶಿಖರ, ಎಲ್ಲ ಸೇರಿಸಿ ಹಂಚಿದರೆ ಎಷ್ಟು ಅನ್ನುವುದು ಸರಾಸರಿ, ದೂರು ಕೊಟ್ಟದ್ದು ಕಿವಿ, ಕಿವಿಗೆ ಎಷ್ಟು ಕಿರಿಕಿರಿ ಅನ್ನುವುದಕ್ಕೆ ಇವೆರಡರ ನಡುವೆ ಒಂದು ಸ್ಥಾನವಿದೆ, ನಿಧಾನ, ಕಾಯಬೇಕು, ಸಾರ್‌ಗೆ ಕಾಯುವುದು ಆಗುವುದಿಲ್ಲ. ನಡುವಿಗೆ ತಿರುಗಿಸಿದೆ. ಇಳಿದವು, ಒಂದೊಂದೇ, ಗೆರೆಯ ಕೆಳಕ್ಕೆ — ಒಂದು ಬಿಟ್ಟು. ಬೆಲ್ಟಿನಲ್ಲಿ ಏನೋ ಮಿನುಗಿತು, ಹೋಗಿ ನೋಡಿದೆ, ಬೆರಳಿಗೆ ಅಂಟು, ಪುಟ್ಟಮಾದಮ್ಮ, ಇದೇನು? ರಾಳದ ಪುಡಿ ಕಣವ್ವ, ಬೆಲ್ಟು ಜಾರಬಾರ್ದಲ್ಲ, ದಿನಾ ಒಂದ್ ಚಿಟಿಕೆ, ಇವತ್ತು ನೀವ್ ಬತ್ತೀರಿ ಅಂತ ಒಂದ್ ಇಡಿ ಎರಚ್ದೆ, ಮಿಲ್ಲು ಚೆಂದಾಗಿ ಓಡ್ಲಿ ಅಂತ. ಹಿಡಿ ರಾಳ, ಒಣ ಬೆಲ್ಟು, ಉಜ್ಜಿ ಉಜ್ಜಿ ಕಿಡಿ, ಕಡ್ಡಿಯನ್ನು ಇವಳೇ ಏರಿಸಿಕೊಂಡಳಲ್ಲ, ಒರೆಸಿ ಅಂದೆ, ಪೂರ್ತಿ ಒರೆಸಿ, ಇನ್ನೊಮ್ಮೆ ಓಡಿಸೋಣ, ಖಾಲಿ ಓಡಿಸಿದರೂ ಸಾಕು. ಖಾಲಿ ಬುಡಕ್ಕಿಲ್ಲ ಕಣವ್ವ, ಕಲ್ಲು ಕಲ್ಲನ್ನೇ ತಿಂತದೆ, ಎಂದು ತನ್ನ ಮನೆಯ ರಾಗಿಯನ್ನೇ ತಂದು ಸುರಿದಳು, ನಾನು ಓಡಿ ಬಂದು ಕೂತೆ, ಚಿತ್ರ ಅಳಿಸಿದೆ, ಬೆಲ್ಟು ತಿರುಗಿತು, ರಸ್ತೆ ಖಾಲಿ, ಯಾವ ಬೈಕೂ ಇಲ್ಲ, ನಡುವಿನ ಸ್ಥಾನ, ಕಾದೆ, ಎದ್ದವು, ಇಳಿದವು, ಗೆರೆಯ ಕೆಳಗೆ, ಕೆಳಗೆ, ಕೆಳಗೆ — ಆ ಒಂದು ಮೊದಲಿಗಿಂತ ಗಿಡ್ಡ, ಆದರೂ ಮೇಲೆ. ಬೆರಳು ಗುಂಡಿಯ ಮೇಲಿದೆ, ಸರಾಸರಿಗೆ ಒಂದೇ ತಿರುವು, ಫೋಟೋದಲ್ಲಿ ಗುಂಡಿ ಕಾಣುವುದಿಲ್ಲ, ಸಾರ್ ಕೇಳುವುದಿಲ್ಲ, ರೇಡಿಯೋ ಕೇಳುವವರು ಕೇಳುತ್ತಾರೆ, ಚಟ್, ಚಟ್, ತಿರುಗಿಸದೆ ಬೆರಳು ತೆಗೆದೆ, ಕ್ಯಾಮೆರಾ ಎತ್ತಿಕೊಂಡೆ, ಕಿಟಕಿಯಲ್ಲಿ ಹಿಟ್ಟು ಮೆತ್ತಿದ ಮುಖ, ಈಗ್ ಸರ್ಯಾಯ್ತೇನವ್ವ, ಹಸಿರು ಕಡ್ಡಿ, ಅವ್ವಾ, ರಾಗಿ ಮುಗೀತದೆ, ಕಡ್ಡಿ, ಗೆರೆಯ ಮೇಲೆ, ಉಗುರಿನಷ್ಟು, ಹಸಿರು